ಸ್ವಾಗತದ ರೊಟ್ಟಿ

"ಬಿಲ್ ಕಟ್ಟಾಕೆ ಯೋಗ್ತೆ ಇಲ್ದಿದ್ರೂ ಸೆಟ್ಕಂಡು ನಿಂತವ್ಳೆ ನೋಡು! ರೊಟ್ಟಿ ಮಾಡ್ಕೊಡು ಅಂತ ನಾನೇ ಬಾಗ್ಲಿಗೆ ಬಂದು ಕೇಳ್ಬೇಕೇನಮ್ಮಿ?"

ಮೊಲ್ಡೋವಾದ ನಮ್ಮ ಹಳ್ಳಿಯ ಮೇಯರ್ ವಲೇರಿಯು ಕೆಸರು ಬೂಟಿನಲ್ಲೇ ನನ್ನ ಅಡುಗೆಮನೆಗೆ ನುಗ್ಗಿದ್ದ. ಒಳಕೋಣೆಯಲ್ಲಿ ನನ್ನ ಅತ್ತೆ ಅಗಾಫಿಯ ಇದ್ದಬದ್ದ ಕಂಬಳಿಗಳ ಮೇಲೆ ನನ್ನ ತೀರಿಹೋದ ಗಂಡನ ಕೋಟನ್ನೂ ಹೊದ್ದು ನಡುಗುತ್ತಿದ್ದಳು. ದರ ಆಕಾಶಕ್ಕೇರಿ ಬಿಲ್ ಕಟ್ಟಲಾಗದ ಮೇಲೆ ನಮ್ಮ ಗ್ಯಾಸಿನ ನಲ್ಲಿಗೆ ಸೀಸದ ಮುದ್ರೆ ಬಿದ್ದಿತ್ತು.

"ಬೆಂಕೀನೇ ಇಲ್ಲ, ರೊಟ್ಟಿ ಎಲ್ಲಿ ಸುಡ್ಲಿ ಸ್ವಾಮಿ?" ಅಂದೆ.

"ನಾಳೆ ಬೆಳಗ್ಗೆ ಗ್ಯಾಸ್ ಆಫೀಸಿನ ಇಲಾರಿಯೋನ್ ಬಂದು ಮುದ್ರೆ ಬಿಚ್ತಾನೆ. ರೊಟ್ಟಿ ಬೆಂದ್ ಮ್ಯಾಕೆ ತಿರ್ಗಾ ಹಾಕ್ತಾನೆ. ಬ್ರಸೆಲ್ಸ್‌ನೋರು ಬತ್ತಾವ್ರೆ, ಟೀವಿಯೋರು ಬತ್ತಾವ್ರೆ. ಇದು ಹೊಸಾ ಗ್ಯಾಸು ಕಣಮ್ಮಿ, ಮಾಸ್ಕೋ ಹಂಗಿಲ್ದ ಸ್ವಾತಂತ್ರ್ಯದ ಗ್ಯಾಸು!"

"ಅದೇ ಪೈಪಲ್ವಾ?"

"ಪೈಪು ಒಂದ್ ಕಂಪ್ನೀದು, ಗ್ಯಾಸು ಇನ್ನೊಂದ್ ಕಂಪ್ನೀದು. ಸುಧಾರಣೆ ಅಂದ್ರೆ ಅದು. ನಿಂಗೆ ಅರ್ಥ ಆಗಾಕಿಲ್ಲ ಬುಡು."

ಅರ್ಥವಾಗದ್ದೇನಿತ್ತು? ಆ ಪೈಪಿಗೆ ಬೀದಿಯುದ್ದಕ್ಕೂ ನೆಲ ಅಗೆದವರು ನಾವು. ಹೆಪ್ಪುಗಟ್ಟಿದ ಮಣ್ಣಿಗೆ ಹಾರೆ ಹಾಕಿ ಹಾಕಿ ನನ್ನ ಗಂಡನ ಸೊಂಟ ಬಿದ್ದುಹೋಯಿತು. ಆಗ ಬಂದಿದ್ದವರು ಮಾಸ್ಕೋ ಕಡೆಯವರು. ಆಗಲೂ ಇದೇ ವಲೇರಿಯು, ಇದೇ ಹಲ್ಲುಕಿರಿತ. "ಇನ್ನು ಸೌದೆ ಒಲೆ ಯಾತಕ್ಕೆ? ಒಡ್ದಾಕಿ, ಊರ್ ಮಾನ ಕಳೀಬ್ಯಾಡಿ" ಎಂದು ಮನೆಮನೆಗೆ ಹೇಳಿ ಹೋಗಿದ್ದ. ಅತ್ತೆ ಮದುವೆಯಾಗಿ ಬಂದ ದಿನದಿಂದ ಚಳಿಗಾಲವೆಲ್ಲ ಮಲಗುತ್ತಿದ್ದುದು ಆ ದೊಡ್ಡ ಮಣ್ಣಿನೊಲೆಯ ಬೆಚ್ಚನೆಯ, ಜಗುಲಿಯಂಥ ಬೆನ್ನ ಮೇಲೆ. ಅದನ್ನು ನಾನೇ ಸುತ್ತಿಗೆ ಹಿಡಿದು ಒಡೆದೆ. ಅವತ್ತೂ ನಮ್ಮ ಸ್ವಾಗತದ ಪದ್ಧತಿಯಂತೆ ಕಸೂತಿ ಟವೆಲ್ಲಿನ ಮೇಲೆ ದಪ್ಪನೆಯ ರೊಟ್ಟಿ, ಉಪ್ಪು ಹಿಡಿದು ಅವರನ್ನು ಎದುರುಗೊಂಡವಳು ನಾನೇ.

ಆಮೇಲೆ ನಮ್ಮ ಮೊಲ್ಡೋವಾ ಸರ್ಕಾರದ ಮೇಲೆ ಸಿಟ್ಟು ಬಂದಾಗೆಲ್ಲ ಮಾಸ್ಕೋದವರು ಅಲ್ಲಿಂದಲೇ ಗ್ಯಾಸ್ ನಿಲ್ಲಿಸಿದರು, ಇಲ್ಲಿ ನಾವು ನಡುಗಿದೆವು. ಬ್ರಸೆಲ್ಸ್‌ನವರು ಬಂದು ಅವರ ಹಿಡಿತದಿಂದ ಬಿಡಿಸುತ್ತೇವೆ ಎಂದರು, ಕಟ್ಟಲಾಗದ ಬಿಲ್ ಬಂತು. ನಾನು ಇಬ್ಬರನ್ನೂ ನಂಬಿದ್ದೆ. ಹೊಟ್ಟೆ ಉರಿಯುವುದು ಅದಕ್ಕೇ.

ಬೆಳಗ್ಗೆ ಗ್ಯಾಸಿನ ಇಲಾರಿಯೋನ್ ಬಂದು ಮುದ್ರೆ ಬಿಚ್ಚಿದ. "ಬಿರ್ನೆ ಸುಟ್ಬುಡಕ್ಕ. ಕಾವಲು ಕೂತ್ಕೋ ಅಂದವ್ರೆ," ಎಂದವನು ಮುಖ ಎತ್ತಲಿಲ್ಲ.

ನಾನು ರೊಟ್ಟಿ ಸುಡುವ ಗ್ಯಾಸ್ ಓವನ್ ಹಚ್ಚಲಿಲ್ಲ. ಒಳಕೋಣೆಯ ಗ್ಯಾಸ್ ಹೀಟರ್ ಹಚ್ಚಿದೆ, ಬರ್ನರ್ ಮೇಲೆ ದೊಡ್ಡ ಹಂಡೆಯಲ್ಲಿ ನೀರಿಟ್ಟೆ. ಎಷ್ಟೋ ವಾರಗಳ ಮೇಲೆ ಅತ್ತೆಗೆ ಮೈತುಂಬ ಬಿಸಿನೀರು ಹುಯ್ದೆ.

"ಇವತ್ತು ಯಾವ ಹಬ್ಬವೇ?" ಎಂದಳು ಮುದುಕಿ.

"ದೊರೆಗಳು ಬತ್ತಾವ್ರೆ ಅತ್ತೆ."

"ಅವ್ರಾ, ಇವ್ರಾ?"

"ಯಾರಾದ್ರೇನು, ನೀನು ಬೆನ್ನು ಕೊಡು."

ಜಡೆಯಂತೆ ಹೆಣೆದು ದುಂಡಗೆ ಸುತ್ತಿಟ್ಟಿದ್ದ ರೊಟ್ಟಿಯ ಹಸಿ ಹಿಟ್ಟಿನ ಮೇಲೆ ಮೊಟ್ಟೆಯ ಹಳದಿ ಬಳಿದೆ. ದೂರಕ್ಕೆ ಬೆಂದಂತೆಯೇ ಕಾಣುತ್ತಿತ್ತು. ಇಲಾರಿಯೋನ್ ಬಗ್ಗಿ ಹಿಟ್ಟನ್ನು ನೋಡಿದ, ಒಳಕೋಣೆಯ ಕಡೆ ನೋಡಿದ. ಅಷ್ಟರಲ್ಲಿ ಮೇಯರನ ಫೋನು ಬಂತು.

"ಬೆಂದೈತೆ ಸಾರ್," ಅಂದ. ಮುದ್ರೆ ಹಾಕಿ ಹೊರಟುಹೋದ.

ಸಮಾರಂಭದಲ್ಲಿ ಪಾದ್ರಿ, ಹಿಂದೆ ಮಾಸ್ಕೋದವರ ಮುಂದೆ ಮಾಡಿದಂತೆಯೇ, ಅದೇ ಪೈಪಿಗೆ ಎರಡನೇ ಸಲ ತೀರ್ಥ ಚಿಮುಕಿಸಿದರು. ಟವೆಲ್ಲಿನ ಮೇಲೆ ಆ ರೊಟ್ಟಿ ಹಿಡಿದು ನಿಂತಿದ್ದ ನನ್ನನ್ನು ವಲೇರಿಯು ಮುಂದಕ್ಕೆ ನೂಕಿದ. ಕ್ಯಾಮೆರಾಗಳು ತಿರುಗಿದವು. ನೀಲಿ ಟೈ ಕಟ್ಟಿದ ಬ್ರಸೆಲ್ಸ್ ಅತಿಥಿ ನಗುತ್ತಾ ರೊಟ್ಟಿ ಮುರಿಯಲು ಕೈ ಹಾಕಿದ. ಬೆರಳುಗಳು ಬುಡದವರೆಗೂ ಹಸಿ ಹಿಟ್ಟಿನೊಳಗೆ ಇಳಿದವು. ಎಳೆದುಕೊಂಡರೆ ಹಿಟ್ಟೂ ಜೊತೆಗೇ ಬಂತು.

"ಮಾನ ಕಳ್ದಲ್ಲೇ ಮುಂಡೆ!" ವಲೇರಿಯು ನನ್ನ ಕಿವಿಯಲ್ಲಿ ಹಲ್ಲು ಕಡಿದ.

"ನೀವು ಕೊಟ್ಟ ಗ್ಯಾಸಲ್ಲಿ ನಮ್ಮತ್ತೆ ಮೈ ಕಾಯ್ಸಿವ್ನಿ," ಎಲ್ಲರಿಗೂ ಕೇಳುವಂತೆ ಅಂದೆ. "ಪೈಪೂ ನಿಮ್ದೇ, ಗ್ಯಾಸೂ ನಿಮ್ದೇ. ರೊಟ್ಟೀನೂ ನೀವೇ ಸುಟ್ಕಳಿ!"

ಅತಿಥಿ ಅಂಟಿದ ಕೈ ಒರೆಸಲು ನನ್ನ ಟವೆಲ್ಲಿನತ್ತ ನೋಡಿದ. ನಾನು ಹಿಟ್ಟನ್ನು ವಲೇರಿಯುವಿನ ಕೈಗೆ ಸುರಿದು, ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆ ಕಡೆ ನಡೆದೆ. ಕೋಣೆ ತಣ್ಣಗಾಗುವ ಮೊದಲು ಅತ್ತೆಯ ಪಕ್ಕ ಒಂದಿಷ್ಟು ಹೊತ್ತು ಕೂರಬೇಕಿತ್ತು.