ಕಂಬದ ಮೇಲಿನ ಗಿಡುಗ

ಚಾವಣಿಗೆಲ್ಲ ಬಲೆ ಕಟ್ಟಿಸಲು ವೆಲ್ಡರ್ ಕೇಳಿದ ದುಡ್ಡಿಗೆ ದರ್ಜಿಯಮ್ಮ ಮೂವತ್ತು ಕೋಟು ಹೊಲಿಯಬೇಕಿತ್ತು. ಸಾಕಿದ ಪಾರಿವಾಳಗಳನ್ನೆಲ್ಲ ಮಾರಿದರೂ ಅದರ ಅರ್ಧ ಹುಟ್ಟುತ್ತಿರಲಿಲ್ಲ. ಗೂಡಿನ ಬಾಗಿಲು ಮುಚ್ಚಿಡುವುದಕ್ಕೇನೋ ಖರ್ಚಿಲ್ಲ. ಆದರೆ ಮರಿಗಳಿಗೆ ಆಗಷ್ಟೇ ರೆಕ್ಕೆ ಬಲಿತಿತ್ತು. ಈ ವಯಸ್ಸಿನಲ್ಲಿ ಹೊರಗೆ ಹಾರಿ ಸುತ್ತಲಿನ ಮನೆಗಳ ಗುರುತು ಹಿಡಿಯದ ಪಾರಿವಾಳವನ್ನು ಮುಂದೆ ಬಿಟ್ಟರೆ ತಿರುಗಿ ಬರುವುದಿಲ್ಲ. ಬಿಡೋಣವೆಂದರೆ ಚಾವಣಿಯ ಮೂಲೆಯ ಹಳೇ ಆಂಟೆನಾ ಕಂಬದ ಮೇಲೆ ಗಿಡುಗ.

ಅದು ಯಾವ ಗಿಡುಗ ಎಂಬುದರ ಮೇಲೆ ಎಲ್ಲ ನಿಂತಿತ್ತು. ಚಿಕ್ಕ ಜಾತಿಯದಾದರೆ ಗುಬ್ಬಿ, ಹಲ್ಲಿ ಹಿಡಿದು ಸುಮ್ಮನಾಗುತ್ತದೆ. ದೊಡ್ಡ ಜಾತಿಯದಾದರೆ ಮರಿಗಳ ಆಸೆ ಬಿಟ್ಟ ಹಾಗೆಯೇ. ಎರಡಕ್ಕೂ ಅದೇ ಬೂದು ಬೆನ್ನು, ಎದೆಯ ಮೇಲೆ ಅದೇ ಕಂದು ಗೀರು, ಅದೇ ಕೆಂಗಣ್ಣು.

"ಚಿಕ್ಕದೇ. ದಿನಾ ನೋಡ್ತೀನಲ್ಲ," ಎಂದಳು ದರ್ಜಿಯಮ್ಮ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅವಳು ಕಾಳು ಹಾಕಲು ಮೇಲೆ ಹೋಗುತ್ತಿದ್ದಳು.

"ಕಾಗೆಯಷ್ಟು ದಪ್ಪ ಇದೆ ಅತ್ತಿಗೆ! ಸೂಜಿಗೆ ದಾರ ಪೋಣಿಸೋಕೂ ನನ್ನನ್ನೇ ಕರೀತೀರ, ಗಿಡುಗ ಮಾತ್ರ ಸರಿಯಾಗಿ ಕಾಣುತ್ತಾ?" ಎಂದಳು ನಾದಿನಿ. ಅವಳು ಬಸ್ ಕಂಡಕ್ಟರ್. ನಸುಕಿನಲ್ಲೇ ಡ್ಯೂಟಿಗೆ ಹೋದವಳು ಸಂಜೆ ಬಂದು ಒಣಗಿದ ಬಟ್ಟೆ ತೆಗೆಯಲು ಚಾವಣಿ ಹತ್ತುತ್ತಿದ್ದಳು.

"ನಿನ್ನ ಲೆಕ್ಕದಲ್ಲಿ ಬಸ್ಸಲ್ಲಿ ಯಾವಾಗ್ಲೂ ಇಬ್ಬರು ಜಾಸ್ತಿನೇ ಇರ್ತಾರೆ. ಇದೂ ಹಾಗೇ."

ವಾರವೆಲ್ಲ ಇದೇ ಜಗ್ಗಾಟ. ಗಿರಾಕಿಯ ಅಳತೆಯನ್ನು ಎಂದೂ ಕಣ್ಣಂದಾಜಿಗೆ ಬಿಡದ ದರ್ಜಿಯಮ್ಮ ಕೊನೆಗೆ ಒಂದು ಬಿಳಿ ಬಟ್ಟೆಪಟ್ಟಿ ಕತ್ತರಿಸಿ, ಬೆರಳಗಲಕ್ಕೊಂದರಂತೆ ಕಪ್ಪು ದಾರದ ಗೆರೆ ಹೊಲಿದಳು. ನಾದಿನಿ ಸ್ಟೂಲು ಹತ್ತಿ ಅದನ್ನು ಕಂಬದ ಅಡ್ಡಸರಳಿಗೆ ಇಳಿಬಿಟ್ಟು ಕಟ್ಟಿದಳು. ಗಿಡುಗ ಸರಳಿನ ಮೇಲೆ ಕೂತಾಗ ಬಾಲ ಎಷ್ಟನೇ ಗೆರೆ ಮುಟ್ಟುತ್ತದೆ ನೋಡಿದರಾಯಿತು.

ಬಿಳಿ ಬಟ್ಟೆಗೆ ಬೆದರಿ ಎರಡು ದಿನ ಗಿಡುಗ ಸುಳಿಯಲೇ ಇಲ್ಲ. "ಬಲೆ ಯಾಕೆ ಬೇಕು? ಇನ್ನೆರಡು ಪಟ್ಟಿ ಹೊಲೀರಿ ಸಾಕು," ಎಂದು ನಾದಿನಿ ಚುಡಾಯಿಸಿದಳು. ಮೂರನೆಯ ದಿನ ಅದು ಮತ್ತೆ ಬಂತು.

ಸಂಜೆ ನಾದಿನಿ ಮೆಟ್ಟಿಲಿಳಿಯುತ್ತಲೇ ಕೂಗಿದಳು: "ಐದನೇ ಗೆರೆ! ಸೋತಿರಿ!"

"ಬೆಳಿಗ್ಗೆ ಮೂರಿತ್ತು ಕಣೇ. ಮಧ್ಯಾಹ್ನ ಬಾಲ ಬೆಳೀತಾ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಇಷ್ಟು ದಿನ ಜಗಳವಾಡಿದ್ದು ಎರಡು ಹಕ್ಕಿಗಳ ಮೇಲೆ.

"ಗಂಡ ಹೆಂಡ್ತಿ ಇರ್ಬೇಕು," ಎಂದಳು ನಾದಿನಿ. "ಗಿಡುಗದಲ್ಲಿ ಹೆಣ್ಣೇ ದಪ್ಪ. ನಮ್ಮಣ್ಣನ ಪಕ್ಕ ನೀವಿಲ್ವಾ?"

ದರ್ಜಿಯಮ್ಮನಿಗೆ ನಗು ಬಂತು, ಚಿಂತೆಯೂ ಹತ್ತಿತು. ಗಂಡ ಹೆಂಡತಿಯಾದರೆ ಜಾತಿ ಯಾವುದೆಂದು ಮತ್ತೆ ಮೊದಲಿಂದ ಹುಡುಕಬೇಕು. "ಗಂಡ ಹೆಂಡತಿಗೆ ಅಳತೆ ಬೇರೆ ಇರಬಹುದು, ಕಟಿಂಗ್ ಒಂದೇ ಇರಬೇಕು," ಎಂದಳು.

ನಾದಿನಿಯ ರಜೆಯ ದಿನ ಅಂಗಡಿಗೂ ಬೀಗ ಹಾಕಿ ಇಬ್ಬರೂ ನೀರಿನ ಟ್ಯಾಂಕಿನ ಹಿಂದೆ ಕುಳಿತರು. ಬೆಳಗಿನದು ಬಂತು. ಬಾಲದ ತುದಿ ಕತ್ತರಿ ಹಾಕಿದಂತೆ ನೇರ. ಕಾಲು ಬೆಂಕಿಕಡ್ಡಿಯಷ್ಟು ಸಣ್ಣ. ಗೂಡಿನಲ್ಲಿ ಪಾರಿವಾಳಗಳ ಗುಟುರು ನಿಲ್ಲಲೇ ಇಲ್ಲ.

ಬಿಸಿಲಿಳಿದ ಮೇಲೆ ಇನ್ನೊಂದು ಬಂತು. ನೋಡುವ ಮೊದಲೇ ತಿಳಿಯಿತು, ಏಕೆಂದರೆ ಗೂಡು ಒಮ್ಮೆಲೇ ಮೌನವಾಯಿತು. ಬಾಲದ ತುದಿ ಅಂಗಿಯ ಕೆಳ ಅಂಚಿನ ಹಾಗೆ ಗುಂಡಗೆ, ಅದಕ್ಕೊಂದು ಬಿಳಿ ಪಟ್ಟಿ, ಕಾಲು ದಪ್ಪ.

"ಕಟಿಂಗ್ ಬೇರೆ," ಎಂದು ನಾದಿನಿ ಪಿಸುಗುಟ್ಟಿದಳು.

"ಪಾರಿವಾಳಗಳನ್ನೇ ಕೇಳಿದ್ರೆ ಮೊದಲೇ ಹೇಳ್ತಿದ್ವು," ಎಂದಳು ದರ್ಜಿಯಮ್ಮ.

ಮರುದಿನದಿಂದ ಬೆಳಿಗ್ಗೆ ಬಿಟ್ಟು, ಮಧ್ಯಾಹ್ನಕ್ಕೆ ಕಾಳು ತೋರಿಸಿ ಒಳಗೆ ಕರೆಯುವ ಪರಿಪಾಠವಾಯಿತು. ಬಲೆಯ ದುಡ್ಡು ಉಳಿಯಿತು. ಸಂಜೆಯ ಹಾರಾಟ ನೋಡುವ ಸುಖ ಹೋಯಿತು. ಮರಿಗಳು ಮನೆಯ ದಾರಿ ಕಲಿತವು, ಒಂದರ ಹೊರತು. ಚುಕ್ಕೆರೆಕ್ಕೆಯ ಆ ಮರಿ ಒಂದು ದಿನ ಎಷ್ಟು ಕರೆದರೂ ಇಳಿಯದೆ ಪಕ್ಕದ ಮನೆಯ ಮೇಲೆ ಕೂತೇ ಇತ್ತು. ಸಂಜೆ ನಾದಿನಿ ಬಟ್ಟೆ ತೆಗೆಯಲು ಹೋದಾಗ ಅಲ್ಲಿ ಪುಕ್ಕವಷ್ಟೇ ಉಳಿದಿತ್ತು.