ಚಿಲಕವಿಲ್ಲದ ಬಚ್ಚಲು

ಪಾತ್ರೆಗಳಿಗೆಲ್ಲ ಸೋಪು ಹಚ್ಚಿ ಇನ್ನೇನು ತೊಳೆಯಬೇಕು ಅನ್ನುವಷ್ಟರಲ್ಲಿ ನಲ್ಲಿಯ ನೀರು ದಾರದಷ್ಟು ಸಣ್ಣಗಾಗಿ ನಿಂತೇಹೋಯಿತು. ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. ಹೊರಗೆ ಗಂಡ ಪೈಪಿನ ವಾಲ್ವ್ ತಿರುಗಿಸುತ್ತಿದ್ದ. ಆಮೇಲೆ ಸ್ಪ್ಯಾನರ್ ಹಿಡಿದು ಒಳಗೆ ಬಂದು, ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ನಲ್ಲಿಯನ್ನೇ ಬಿಚ್ಚತೊಡಗಿದ.

“ಟೀಚರಮ್ಮನ ಕೈತೋಟದ ನಲ್ಲಿ ಮುರಿದಿದೆಯಂತೆ. ಅಂಗಡಿ ತೆಗೆಯೋಷ್ಟರಲ್ಲಿ ಬಿಸಿಲು ಏರಿರುತ್ತೆ. ಗಿಡ ಒಣಗಿಹೋಗುತ್ವೆ.”

“ನನ್ನ ಪಾತ್ರೆ?”

“ಪಾತ್ರೆ ಒಣಗಿದ್ರೆ ಒಳ್ಳೇದೇ ಅಲ್ವೇನೇ?”

ಅವಳಿಗೆ ನಗು ಬಂದುಬಿಟ್ಟಿತು. ಬೈಯಬೇಕೆಂದು ಬಾಯಿ ತೆರೆದಾಗಲೆಲ್ಲ ಹೀಗೇ ಆಗುತ್ತಿತ್ತು.

ಊರವರಿಗೆಲ್ಲ ಅವನು ರಿಪೇರಿಯಣ್ಣ. ಮರಗೆಲಸ, ಬಣ್ಣ, ಪೈಪು, ತೋಟದ ಬೇಲಿ, ಬಳ್ಳಿಯ ಚಪ್ಪರ, ಯಾವುದಕ್ಕೂ ಇಲ್ಲವೆಂದವನಲ್ಲ. ಹಿಡಿದ ಕೆಲಸವನ್ನು ನಾಳೆಗೆ ಉಳಿಸಿದರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹಾಗಾಗಿ ಸಂಜೆ ಹೊತ್ತಿಗೆ ಯಾರದೋ ಮನೆಯಲ್ಲಿ ಒಂದು ಕೀಲು, ಒಂದು ಹಿಡಿಕೆ ಸಾಲದೆ ಬಂದರೆ ಮನೆಗೆ ಓಡಿಬಂದು ಇಲ್ಲಿಯದನ್ನೇ ಬಿಚ್ಚಿಕೊಂಡು ಹೋಗುತ್ತಿದ್ದ. “ನಾಳೆ ಹೊಸದು ತಂದ್ಹಾಕ್ತೀನಿ” ಎನ್ನುತ್ತಿದ್ದ. ಸುಳ್ಳು ಹೇಳುವ ಆಸಾಮಿ ಅಲ್ಲ. ನಾಳೆ ಹೊಸದನ್ನು ತಂದೂ ತರುತ್ತಿದ್ದ. ಅಷ್ಟರಲ್ಲಿ ಅದು ಇನ್ನೊಬ್ಬರ ಮನೆಗೆ ತುರ್ತಾಗಿ ಬೇಕಾಗುತ್ತಿತ್ತು. ಬೀದಿಯ ಮನೆಗಳೆಲ್ಲ ಒಂದೊಂದಾಗಿ ಚೆಂದವಾದವು. ಇವರ ಬೀರುವಿನ ಬಾಗಿಲನ್ನು ಮಾತ್ರ ಕುರ್ಚಿ ಆನಿಸಿ ನಿಲ್ಲಿಸಬೇಕಾಗಿತ್ತು.

ಇದೆಲ್ಲ ಹೇಗೋ ನಡೆಯುತ್ತಿತ್ತು, ಬಚ್ಚಲಿನ ಚಿಲಕ ಹೋಗುವವರೆಗೆ. ಅದು ಹೋದಮೇಲೆ ಮನೆಯಲ್ಲೊಂದು ಕಾನೂನಾಯಿತು: ಒಳಗಿದ್ದವರು ಹಾಡುತ್ತಿರಬೇಕು. ಅವಳ ಮಾವನಿಗೆ ಇದು ಹಬ್ಬವೇ ಆಗಿ, ಸ್ನಾನ ಮುಗಿದರೂ ಅವರು ಹೊರಗೆ ಬರುತ್ತಿರಲಿಲ್ಲ. ಕಷ್ಟವಾದದ್ದು ಮಗಳು ಗುಬ್ಬಿಗೆ. ಅವಳಿಗೆ ಬರುತ್ತಿದ್ದುದು ಶಾಲೆಯಲ್ಲಿ ಕಲಿತ ಒಂದೇ ಹಾಡು, ಅದೂ ಚಿಕ್ಕದು. ಹಾಡು ಮುಗಿಯುವುದರೊಳಗೆ ಸ್ನಾನ ಮುಗಿಸಬೇಕೆಂದು ಹುಡುಗಿ ಕಿವಿಯಲ್ಲಿ ಸೋಪು ಇಟ್ಟುಕೊಂಡೇ ಆಚೆ ಬರುತ್ತಿದ್ದಳು.

ನಿನ್ನೆ ಗುಬ್ಬಿಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ದನಿ ಇಲ್ಲದ್ದರಿಂದ ಒಳಗೆ ಯಾರೂ ಇಲ್ಲವೆಂದುಕೊಂಡು ಅಜ್ಜ ಬಾಗಿಲು ತಳ್ಳಿಬಿಟ್ಟರು.

“ನಾನೇನೂ ನೋಡ್ಲಿಲ್ಲ ಕಣಮ್ಮ, ಕನ್ನಡಕ ಹಾಕಿರ್ಲಿಲ್ಲ” ಎಂದು ಮುದುಕರು ಸಂಜೆಯವರೆಗೂ ಬಾಗಿಲ ಮರೆಯಿಂದ ಹೇಳುತ್ತಲೇ ಇದ್ದರು. ಇವತ್ತು ಗುಬ್ಬಿ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಚ್ಚಲಿನ ಹೊಸ್ತಿಲ ಮೇಲೆ ಕೂತವಳು ಒಳಗೂ ಹೋಗಲಿಲ್ಲ, ಏಳಲೂ ಇಲ್ಲ. ಏನನ್ನೋ ಕೇಳಬೇಕೆಂದು ತುಟಿ ತೆರೆಯುವುದು, ಅಪ್ಪನ ಅವಸರ ನೋಡಿ ಮುಚ್ಚಿಕೊಳ್ಳುವುದು ನಡೆದಿತ್ತು.

“ನಾನು ಬಾಗಿಲ ಹತ್ರ ನಿಂತಿರ್ತೀನಿ, ಹೋಗು ಚಿನ್ನ” ಎಂದಳು ಅಮ್ಮ, ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ.

“ದಿನಾ ನಿಂತಿರ್ತೀಯಾ?”

ಅಷ್ಟರಲ್ಲಿ ಮುಂಬಾಗಿಲಲ್ಲಿ ಟೀಚರಮ್ಮನೇ ಬಂದು ನಿಂತರು. ಬೀದಿ ತಿರುವಿನ ಮನೆಯವರು, ಕೆಲಸದಿಂದ ನಿವೃತ್ತರಾದವರು.

“ಏನಪ್ಪಾ, ಸಿಕ್ತಾ ನಲ್ಲಿ?”

“ಸಿಕ್ತು ಸಿಕ್ತು, ಇಲ್ಲೇ ಸ್ಟಾಕ್ ಇತ್ತು” ಎಂದ ಅವನು, ಗೋಡೆಯಿಂದ ಹೊರಬಂದ ನಲ್ಲಿಯನ್ನು ಅಂಗಿಗೆ ಒರೆಸುತ್ತ.

“ನೋಡಮ್ಮಾ, ನಿನ್ನ ಗಂಡನಂಥವ್ರು ಸಿಗಲ್ಲ” ಎಂದು ಟೀಚರಮ್ಮ ಅವಳ ಕಡೆ ತಿರುಗಿದರು. “ಹೋದ ತಿಂಗಳು ನಮ್ಮ ಬಚ್ಚಲಿಗೆ ಒಂದು ಚಿಲಕ ಹಾಕಿಕೊಟ್ರಲ್ಲ, ಎಂಥಾ ಚಿಲಕ ಅಂತೀಯ! ಒಂದು ಬೆರಳು ಮುಟ್ಟಿದ್ರೆ ಸಾಕು, ಬೆಣ್ಣೆ ಹಾಗೆ ಸರಿಯುತ್ತೆ. ಹೊಸ ಚಿಲಕಗಳು ಹೀಗಿರೋದೇ ಇಲ್ಲ.”

ಹೇಗಿರುತ್ತವೆ, ಎಂದುಕೊಂಡಳು ಅವಳು. ನಮ್ಮ ಇಡೀ ಸಂಸಾರ ವರ್ಷಗಟ್ಟಲೆ ಸರಿಸಿ ಸರಿಸಿ ನುಣುಪು ಮಾಡಿದ್ದು. ಗಂಡ ಸ್ಪ್ಯಾನರಿನಲ್ಲಿ ಏನೋ ದೋಷ ಹುಡುಕುವವನಂತೆ ತಲೆ ತಗ್ಗಿಸಿದ.

“ಒಬ್ಬಳೇ ಇರೋ ಮನೆ, ಚಿಲಕ ಹಾಕ್ಕೊಳ್ಳೋ ಪ್ರಮೇಯವೇ ಬರಲ್ಲ ಅನ್ನು” ಎಂದು ಟೀಚರಮ್ಮ ನಕ್ಕರು. “ಆದ್ರೂ ಇದೆ ಅಂದ್ರೆ ಮನಸ್ಸಿಗೆ ಒಂದು ಧೈರ್ಯ. ಬರೀ ನೋಡಿಯೇ ಖುಷಿಪಡ್ತೀನಿ.”

ಹೊಸ್ತಿಲ ಮೇಲಿದ್ದ ಗುಬ್ಬಿ ಎದ್ದಳು. ಅಮ್ಮ ತಡೆಯಲು ಕೈ ಚಾಚಿದವಳು, ಯಾಕೋ ಹಿಂದಕ್ಕೆ ತೆಗೆದುಕೊಂಡಳು. ಹುಡುಗಿ ನೇರವಾಗಿ ಟೀಚರಮ್ಮನ ಮುಂದೆ ಹೋಗಿ ನಿಂತು, ಕಟ್ಟಿದ ಗಂಟಲಿನಲ್ಲೇ, ತುಂಬ ಮರ್ಯಾದೆಯಿಂದ ಕೇಳಿದಳು:

“ಆಂಟಿ, ನಾನು ದಿನಾ ನಿಮ್ಮನೇಲಿ ಸ್ನಾನ ಮಾಡ್ಲಾ?”