ಕೆಂಪು ಗುಂಡಿಗೆ ವಿಭೂತಿ

ನಮ್ಮ ಹೊಸ ಕಾರಿನಲ್ಲಿ ದೇವರಿಗೆ ಬೇರೆ ಜಾಗ ಹುಡುಕುವ ಕೆಲಸ ನಮಗೆ ಬೀಳಲಿಲ್ಲ. ಷೋರೂಮಿನವರೇ ಪ್ರತಿಷ್ಠಾಪನೆಯ ಏರ್ಪಾಡು ಮಾಡಿದ್ದರು.

ಇದು ೨೦೦೯ರ ಮಾತು. ನಾವು ಕಾರು ಕೊಂಡ ಷೋರೂಮಿನವರು ಆ ವರ್ಷ ತಾವು ಮಾರುವ ಪ್ರತಿ ಹೊಸ ಕಾರಿಗೂ ಒಂದು ಪೆಟ್ಟಿಗೆಯನ್ನು ಕಡ್ಡಾಯ ಮಾಡಿದ್ದರು. ಪೆಟ್ಟಿಗೆ ಬೇಡವೆಂದರೆ ಕಾರೂ ಇಲ್ಲ. ಸೋಪಿನ ಡಬ್ಬಿಯಷ್ಟು ದೊಡ್ಡದಾದ ಅದು ಡ್ಯಾಶ್‌ಬೋರ್ಡಿನ ಒಳಗೆ ಅಡಗಿ ಕೂರುತ್ತಿತ್ತು. ಅದರೊಳಗೊಂದು ಸಿಮ್ ಕಾರ್ಡ್. ಕಾರು ಎಲ್ಲಿದೆ ಎಂದು ಮೆಸೇಜ್ ಕಳಿಸಿದರೆ ಅದು ಉತ್ತರ ಕಳಿಸುತ್ತಿತ್ತು. ಹೊರಗೆ ಕಾಣುತ್ತಿದ್ದದ್ದು ಒಂದು ಕೆಂಪು ಗುಂಡಿ, ಅದರ ಕೆಳಗೆ ಸಾಸಿವೆಯಷ್ಟು ದೀಪ. ಆಪತ್ತು ಬಂದಾಗ ಗುಂಡಿಯನ್ನು ತುಸು ಹೊತ್ತು ಒತ್ತಿ ಹಿಡಿದರೆ ಪೆಟ್ಟಿಗೆ ತಾನೇ ಒಂದು ನಂಬರಿಗೆ ಫೋನ್ ಮಾಡುತ್ತಿತ್ತು. ಆ ಕಡೆಯವರಿಗೆ ಕಾರಿನೊಳಗಿನ ಮಾತೆಲ್ಲ ಕೇಳಿಸುತ್ತಿತ್ತು. ಒಳಗಿದ್ದವರಿಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ. ಕಾರು ಕದ್ದವನಿಗೆ ಸುಳಿವು ಸಿಗಬಾರದಲ್ಲ.

ನಾನು ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಸ್ಟಾಫ್ ರೂಮಿನಲ್ಲಿ ಉಪಗ್ರಹಗಳಿಂದ ಹಿಡಿದು ಈ ಪೆಟ್ಟಿಗೆಯವರೆಗೆ ಚಿತ್ರ ಬರೆದು ವಿವರಿಸಿದೆ. ಸಸ್ಯಶಾಸ್ತ್ರದ ನಾಗೇಂದ್ರಪ್ಪನವರು ಚಹಾ ಹೀರುತ್ತ, "ಶಿವಯೋಗಪ್ಪ, ಮನ್ಯಾಗ ಎಲ್ಲಿಗೆ ಹೋಗಿದ್ರಿ ಅಂತ ಕೇಳೋರು ಸಾಲಲಿಲ್ಲಂತ ಕಾರಿನಾಗೂ ಒಬ್ಬರನ್ನ ಇಟ್ಕೊಂಡ್ರೇನು?" ಎಂದರು.

"ಮುಚ್ಚಿಡೋದು ಇದ್ದವ್ರು ಅಂಜಬೇಕ್ರಿ. ನನಗೇನೈತಿ?" ಎಂದೆ. ಈ ಮಾತು ನನಗೇ ಬಹಳ ಹಿಡಿಸಿತು. ಆ ವಾರವೆಲ್ಲ ಅದನ್ನು ಸಿಕ್ಕ ಸಿಕ್ಕವರಿಗೆ ಹೇಳಿದೆ.

ಪೆಟ್ಟಿಗೆ ಕೂರಿಸಲು ಷೋರೂಮಿನವರು ಮನೆಗೆ ಕಳಿಸಿದವನು ಪ್ರವೀಣಕುಮಾರ್. ಊರು ಹರಪನಹಳ್ಳಿಯಾಚೆಯ ಅರಸೀಕೆರೆ, ಅಂಗಡಿ ಹರಪನಹಳ್ಳಿಯಲ್ಲಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದ. ನಾನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಒಂದೊಂದು ತಂತಿಯನ್ನೂ ಬೆಸೆದು, ಬೆಸುಗೆಯ ಮೇಲೆ ಕೊಳವೆ ಏರಿಸಿ, ಬಿಸಿ ಮಾಡಿ ಬಿಗಿಸುತ್ತಿದ್ದ. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಇಷ್ಟು ಚೊಕ್ಕಟ ಕೆಲಸ ಮಾಡುವವನು ಕೆಟ್ಟವನಾಗಿರಲು ಸಾಧ್ಯವಿಲ್ಲ ಎನಿಸಿತು. ಮನೆತನ ಕೇಳಿದೆ. ನಮ್ಮವರೇ. ಬೆಸುಗೆ ನೋಡಿ ಅಳಿಯನನ್ನು ಆರಿಸಿದ ಮೊದಲ ಮಾವ ನಾನೇ ಇರಬೇಕು.

ಹೋಗುವಾಗ ಅವನು, "ಸರ್, ಟೆಸ್ಟ್ ಮಾಡಾಕ ನನ್ನ ನಂಬರ್ ಹಾಕೀನಿ. ನಿಮ್ಮದು ಹಾಕ್ಕೊಳ್ರಿ," ಎಂದು ಅದನ್ನು ಬದಲಿಸುವ ಕ್ರಮ ಹೇಳಿಕೊಟ್ಟ. ನಾನು ಕೂತು ವಿಚಾರ ಮಾಡಿದೆ. ಆಪತ್ತು ಬಂದಾಗ ನಾನು ಕಾರಿನೊಳಗೇ ಇರುತ್ತೇನೆ, ಆದ್ದರಿಂದ ನನ್ನ ನಂಬರು ನಿರುಪಯೋಗಿ. ಹೆಂಡತಿ ಪುಷ್ಪಲತಾ ಮೊಬೈಲನ್ನು ಬೀರುವಿನಲ್ಲಿ ಸೀರೆಗಳ ನಡುವೆ ಇಡುತ್ತಾಳೆ. ಆಪತ್ತಿನಲ್ಲಿ ಕೈಗೆ ಬರುವವನು, ಯಂತ್ರ ಬಲ್ಲವನು, ಪ್ರವೀಣನೇ. ಅವನ ನಂಬರನ್ನು ಹಾಗೇ ಬಿಟ್ಟೆ. ಈ ತರ್ಕದಲ್ಲಿ ಇವತ್ತಿಗೂ ನನಗೆ ದೋಷ ಸಿಗುತ್ತಿಲ್ಲ.

ಮರುದಿನ ಕಾರಿನ ಪೂಜೆ. ನನ್ನ ತಾಯಿ ಶಿವಬಸಮ್ಮ ಸ್ಟೇರಿಂಗಿಗೆ, ಗೇರಿಗೆ, ಕನ್ನಡಿಗೆ ವಿಭೂತಿ ಹಚ್ಚುತ್ತ ಬಂದು ಕೆಂಪು ಗುಂಡಿಯ ಮುಂದೆ ನಿಂತಳು.

"ಇದೇನಪಾ?"

"ಆಪತ್ತಿನಾಗ ಒತ್ತಾದು. ಕೂಡ್ಲೆ ನಮ್ಮ ಕೂಗು ಕೇಳಿಸ್ಕೊಂಡು ಸಹಾಯಕ್ಕ ಬರ್ತಾರ."

"ಕಣ್ಣಿಗೆ ಕಾಣಂಗಿಲ್ಲ?"

"ಇಲ್ಲ."

"ಮತ್ತ ದೇವರೇ ಆತಲ್ಲ," ಎಂದವಳು ಅದಕ್ಕೆ ಮೂರು ಬೆರಳ ವಿಭೂತಿ ಎಳೆದು, ಕುಂಕುಮ ಇಟ್ಟು, ಮೇಲೊಂದು ಸೇವಂತಿಗೆ ಸಿಕ್ಕಿಸಿದಳು. ಅಂದಿನಿಂದ ಕಾರು ಹತ್ತಿದವರೆಲ್ಲ ಆ ಗುಂಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದರು. ಸುಮ್ಮನೆ ಮುಟ್ಟಿದರೆ ಏನೂ ಆಗುತ್ತಿರಲಿಲ್ಲ. ನಾನೂ ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಒಂದೆರಡು ಸಲ ನಾನೂ ಮುಟ್ಟಿಕೊಂಡಿದ್ದೇನೆ.

ಮುಂದೆ ಪ್ರವೀಣನ ಮನೆಯವರು ಬಂದು ಹೆಣ್ಣು ನೋಡುವ ಶಾಸ್ತ್ರವೂ ಆಯಿತು. ಮಗಳು ಅಮೃತಾ ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. "ನನ್ನ ಉತ್ತರ ನಾನೇ ಅವರಿಗೆ ಹೇಳ್ತೀನಿ, ಬರೋ ವಾರದತನಕ ತಡೀರಿ," ಎಂದಳು. ಹುಡುಗನ ಕಡೆಯವರು ಒಪ್ಪಿದರು. ಒಪ್ಪದೆ ಕುದಿಯುತ್ತಿದ್ದವನು ನಾನು.

ನಮ್ಮಲ್ಲಿ ಸಂಬಂಧ ಗಟ್ಟಿಯಾಗುವ ಮೊದಲು ಹೆಣ್ಣಿನ ಕಡೆಯವರು ಹುಡುಗನ ಊರಿಗೆ ಗುಟ್ಟಾಗಿ ಹೋಗಿ ವಿಚಾರಿಸಿಕೊಂಡು ಬರುವುದುಂಟು. ಎತ್ತು ನೋಡಲು ಬಂದವರಂತೆ, ಫಸಲು ಕೊಳ್ಳಲು ಬಂದವರಂತೆ ಚಹಾದಂಗಡಿಯಲ್ಲಿ ಕೂತು, ಮನೆತನ ಹೇಗೆ, ಹುಡುಗ ಕುಡಿಯುತ್ತಾನೋ, ಮನೆಯ ಹೆಂಗಸರ ದನಿ ಬೀದಿಗೆ ಕೇಳುತ್ತದೋ ಎಂದೆಲ್ಲ ತಿಳಿದುಕೊಳ್ಳುವುದು. ನಾನು ಹೊರಡುವ ವಾಸನೆ ಅಮೃತಾಗೆ ಬಡಿಯಿತು.

"ಅಪ್ಪಾಜಿ, ಕೇಳೋದಿದ್ರ ಅವರನ್ನ ಕರೆದು ಎದುರಿಗೇ ಕೇಳ್ರಿ. ಅವರಿವರನ್ನ ಕೇಳಬ್ಯಾಡ್ರಿ. ಅವರ ಮಂದಿ ಬಂದು ನಮ್ಮ ಓಣ್ಯಾಗ ನನ್ನ ಬಗ್ಗೆ ಕೇಳಿದ್ರ ನಾನು ಸಾಲಿಗೆ ಹೆಂಗ ಹೋಗ್ಲಿ?"

"ಆತವ್ವ," ಎಂದೆ. ಶನಿವಾರ ಆಕೆ ಶಾಲೆಗೆ ಹೋದದ್ದೇ ಕಾರು ತೆಗೆದೆ.

ಕೊಟ್ಟೂರಿನಲ್ಲಿ ನನ್ನ ಹೆಂಡತಿಯ ತಮ್ಮ ಹಾಲಸ್ವಾಮಿ ಹತ್ತಿದ. ಅವನು ಮೆಕ್ಕೆಜೋಳದ ವ್ಯಾಪಾರಿ, ನಮ್ಮ ವೇಷಕ್ಕೆ ಅನುಕೂಲ. ಮಠವೊಂದಕ್ಕೆ ತಿರುಗುವ ದಾರಿ ಬಂದಾಗ ಅವನು ಕೆಂಪು ಗುಂಡಿಯ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದ. ಅಂದು ಅವನು ಕೇಳಿಕೊಳ್ಳುವುದು ಜಾಸ್ತಿ ಇತ್ತೆಂದು ಕಾಣುತ್ತದೆ, ಬೇಗ ಬೆರಳು ತೆಗೆಯಲಿಲ್ಲ. ಪೆಟ್ಟಿಗೆ ತನ್ನ ಕೆಲಸ ಮಾಡಿತು. ಹರಪನಹಳ್ಳಿಯ ಅಂಗಡಿಯಲ್ಲಿ ಪ್ರವೀಣನ ಫೋನ್ ರಿಂಗಾಯಿತು. ನಮಗೆ ಗೊತ್ತಾಗಲಿಲ್ಲ. ಗೊತ್ತಾಗದಂತೆಯೇ ಅದನ್ನು ಮಾಡಿದ್ದರು.

"ಹುಡುಗ ಹೆಂಗದಾನ ಮಾವ?" ಹಾಲಸ್ವಾಮಿ ಮಾತು ತೆಗೆದ.

"ಛಲೋ ಅದಾನ. ಕಿವಿ ಸ್ವಲ್ಪ ಹೊರಗ ಬಂದಾವ."

"ಅಂಥವ್ರಿಗೆ ಬಾಳ ಕೇಳಸ್ತೈತಂತ ಬಿಡ್ರಿ. ವ್ಯಾಪಾರ?"

"ಅದೇ ಚಿಂತಿ. ನಮ್ಮ ಕಡೆ ಕಾರು ಕೊಳ್ಳೋರು ಎಷ್ಟು ಮಂದಿ? ಅದಕ್ಕೇ ಹೊಸಹಳ್ಳಿ ಸಂಬಂಧಾನೂ ಬಿಟ್ಟಿಲ್ಲ. ಆ ಹುಡುಗಂದು ಸರಕಾರಿ ನೌಕ್ರಿ. ಇದು ಆಗಲಿಲ್ಲಂದ್ರ ಅದು. ಪ್ರಯೋಗದಾಗ ಒಂದೇ ರೀಡಿಂಗ್ ನಂಬಬಾರದು."

"ಅಮೃತಾ ಏನಂತಾಳ?"

"ನನ್ನ ಮುಂದ ಬಾಯಿ ಬಿಟ್ಟಿಲ್ಲ. ಅವರವ್ವನ ಮುಂದ ಅಂದಾಳ. ಅವ ನಗೋವಾಗ ಕಣ್ಣು ಮುಚ್ಚಿ ನಗ್ತಾನ, ಅದು ಮನಸಿಗೆ ಬಂತು, ಬ್ಯಾರೆ ಯಾರನ್ನೂ ತೋರಿಸಬ್ಯಾಡ್ರಿ ಅಂತ. ಯಾರ ಮುಂದೂ ಅನ್ನಬಾರದಂತ ಆಣಿ ಹಾಕಿಸ್ಕೊಂಡಾಳ."

"ಮತ್ತ ನಿಮಗ ಹೆಂಗ ಗೊತ್ತಾತು?"

"ನಿಮ್ಮಕ್ಕ ಹೇಳಿದ್ಲು, ಯಾರ ಮುಂದೂ ಅನಬ್ಯಾಡ್ರಿ ಅಂತ."

"ನೀವು ನನಗ ಹೇಳಿದ್ರಿ."

"ನೀನೇನು ಹೊರಗಿನವನಾ?"

"ಅದೂ ಖರೇನ. ನಾನೂ ಯಾರ ಮುಂದೂ ಅನ್ನಂಗಿಲ್ಲ ಬಿಡ್ರಿ."

ಹೀಗೆ, ಮೆಕ್ಕೆಜೋಳದ ನೆಪ ಹೇಳಿ ಚಹಾದಂಗಡಿಯಲ್ಲಿ ಕೂರುವುದೆಂದೂ ಗೊತ್ತುಮಾಡಿಕೊಳ್ಳುತ್ತ, ಹರಪನಹಳ್ಳಿ ದಾಟುವವರೆಗೆ ಮಾತಾಡಿಕೊಂಡು ಹೋದೆವು. ಅರಸೀಕೆರೆಯಲ್ಲಿ ಊರ ಮುಂದೆಯೇ ಇದ್ದ ಬೊಮ್ಮಪ್ಪ ಎಂಬುವನ ಚಹಾದಂಗಡಿ ನಮ್ಮ ಕೆಲಸಕ್ಕೆ ತಕ್ಕದ್ದೆನಿಸಿತು. ಬೆಂಚಿನ ಮೇಲೆ ಕೂತು ಹಾಲಸ್ವಾಮಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬೊಮ್ಮಪ್ಪನೇ, "ಮೆಕ್ಕೆಜೋಳ ನೋಡಾಕ ಬಂದವ್ರು ನೀವಾ ಏನ್ರಿ?" ಎಂದ.

ಹಾಲಸ್ವಾಮಿಗೆ ಖುಷಿಯಾಯಿತು. "ಹೌದ್ರಿ. ನಿಮಗ ಹೆಂಗ ಗೊತ್ತಾತು?"

"ಪ್ರವೀಣ ಫೋನ್ ಮಾಡಿದ್ದ. ಮಾವನವ್ರು ಬರ್ತಾರ, ಮೊದ್ಲು ಮಿರ್ಚಿ ಮಂಡಕ್ಕಿ ಕೊಡು, ಆಮ್ಯಾಲೆ ನಮ್ಮ ಮನಿ ಬಗ್ಗೆ ಏನು ಕೇಳಿದ್ರೂ ಖರೇ ಖರೇ ಹೇಳು ಅಂದಾನ. ಕೇಳ್ರಿ ಈಗ, ಏನು ಕೇಳ್ತೀರಿ?"

ಕೇಳಲು ಏನೂ ಉಳಿದಿರಲಿಲ್ಲ. ಎದ್ದು ಕಾರಿನ ಬಳಿ ಹೋದೆ. ಬಾಡಿದ ಸೇವಂತಿಗೆಯ ಹಿಂದೆ ಆ ಸಾಸಿವೆಯಷ್ಟು ದೀಪ ಮಿಣುಕುತ್ತಿತ್ತು. ಗುಂಡಿ ಒತ್ತಲಾಗಿದೆ ಎಂಬುದಕ್ಕೆ ಅದೇ ಗುರುತು. ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿ ಅದನ್ನು ಹೇಳಿದ ಪುಟಕ್ಕೆ ನಾನು ಕೆಂಪು ಪೆನ್ನಿನಲ್ಲಿ ಗೆರೆ ಬೇರೆ ಎಳೆದಿದ್ದೆ.

ಹಾಲಸ್ವಾಮಿ ಹಿಂದೆಯೇ ಬಂದ. ವಿವರಿಸಿದೆ. ತನ್ನ ಬೆರಳು ನೋಡಿಕೊಳ್ಳುತ್ತ, "ಎಲ್ಲಾ ಕೇಳ್ಯಾನೇನು? ಕಿವೀದೂ?" ಎಂದ.

ವಾಪಸು ಬರುವಾಗ ಕಾರಿನೊಳಗೆ ಇಬ್ಬರೂ ತುಟಿ ಬಿಚ್ಚಲಿಲ್ಲ. ಹಾಲಸ್ವಾಮಿಗೆ ಏನಾದರೂ ಹೇಳಬೇಕೆನಿಸಿದಾಗ ನನ್ನ ತೋಳು ತಟ್ಟಿ ಕಾರು ನಿಲ್ಲಿಸುತ್ತಿದ್ದ. ಇಬ್ಬರೂ ಇಳಿದು ಹೊಲದ ಬದುವಿನ ತನಕ ಹೋಗಿ ಪಿಸುಗುಟ್ಟಿ ಬರುತ್ತಿದ್ದೆವು. ಅಲ್ಲಿ ನಾವು ತೀರ್ಮಾನಿಸಿದ್ದು ಇಷ್ಟು: ಅಮೃತಾಗೆ ಹೇಳಬಾರದು. ಪ್ರವೀಣನೂ ಸಂಕೋಚಕ್ಕೆ ಬಾಯಿ ಬಿಡಲಾರ. ಹಾಲಸ್ವಾಮಿ ಕೊಟ್ಟೂರಿನಲ್ಲಿ ಇಳಿದುಕೊಂಡ. ಈ ಸಲ ಗುಂಡಿಗೆ ದೂರದಿಂದಲೇ ಕೈ ಮುಗಿದ.

ನಮ್ಮ ಮನೆಯ ಮುಂದೆ ಪ್ರವೀಣನ ಬೈಕು ನಿಂತಿತ್ತು.

ಅವನು ಅಂಗಳದಲ್ಲಿದ್ದ. ಕುರ್ಚಿ ಹಾಕಿದ್ದರೂ ಕೂತಿರಲಿಲ್ಲ. ಅಮೃತಾ ಬಾಗಿಲಲ್ಲಿ, ಪುಷ್ಪಲತಾ ಮತ್ತು ನನ್ನ ತಾಯಿ ಆಕೆಯ ಹಿಂದೆ. "ಸರ್ ಬರಲಿ ಅಂತ ಕಾಯ್ತಿದ್ದೆ. ಎಲ್ಲಾರ ಮುಂದ ಹೇಳಬೇಕು," ಎಂದವನು ಹೇಳಿಯೇಬಿಟ್ಟ. ನನ್ನ ಮುಖ ನೋಡಲಿಲ್ಲ. ಅಷ್ಟು ಉಪಕಾರ ಮಾಡಿದ.

ಅಮೃತಾ ಕೇಳಿದಳು, "ಎಲ್ಲಿತನಕ ಕೇಳಿದ್ರಿ?"

"ಮೊದ್ಲು ಅಪಘಾತ ಆಗೈತಿ ಅನಕೊಂಡು ಎದಿ ಹೊಡಕೊಂತು. ಆಮ್ಯಾಲೆ ನನ್ನ ಕಿವಿ ಮಾತು ಬಂತು. ಅಲ್ಲೇ ಕಟ್ ಮಾಡಬೇಕಿತ್ರಿ. ಅಷ್ಟರಾಗ ನಿಮ್ಮ ಹೆಸರು ಬಂತು. ಕೈ ಬರಲಿಲ್ಲ. ಹರಪನಹಳ್ಳಿ ದಾಟಿದ ಮ್ಯಾಲೆ ಲೈನ್ ತಾನೇ ಹೋತು."

"ನಾನು ಅವ್ವಗ ಹೇಳಿದ್ದೂ?"

ಅವನು ಹೌದೆಂದು ತಲೆಯಾಡಿಸಿದ.

ಆಕೆ ನಮ್ಮ ಕಡೆ ತಿರುಗಿದಳು. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ನನ್ನ ಒಂದು ಮಾತು ನಾನು ಹೇಳೋಕಿಂತ ಮೊದ್ಲ ಊರೆಲ್ಲ ಅಡ್ಡಾಡಿ ಬಂದೈತಿ. ಈಗ ನಾನು ಹ್ಞೂ ಅಂದ್ರ ಅದು ಹಳೇ ಸುದ್ದಿ. ಊಹ್ಞೂ ಅಂದ್ರ ಸುಳ್ಳು. ನಾನು ಹೇಳಾಕ ಏನು ಉಳಿಸೀರಿ ಅಪ್ಪಾಜಿ?"

"ಅಲ್ಲವ್ವ, ಆ ಗುಂಡಿಯ ರಚನಾನ ಹಂಗೈತಿ," ಎಂದು ಶುರು ಮಾಡಿದೆ. ಪುಷ್ಪಲತಾ ನೆಲ ನೋಡುತ್ತಿದ್ದಳು. ನನ್ನ ತಾಯಿ, "ಹಾಲಸ್ವಾಮಿ ದೇವರಂತ ಒತ್ಯಾನ, ಅವಂದೇನು ತಪ್ಪು," ಎಂದಳು. ಮುಚ್ಚಿಡುವುದು ಇದ್ದವರು ಅಂಜಬೇಕು ಎಂದು ಊರಿಗೆಲ್ಲ ಹೇಳಿದ್ದವನು ನಾನು. ನನ್ನಲ್ಲಿ ಮುಚ್ಚಿಡುವಂಥದ್ದು ಇರಲಿಲ್ಲ, ನಿಜ. ಇದ್ದದ್ದು ಮಗಳ ಹತ್ತಿರ. ಕಾರಿನಲ್ಲಿ ಹೊತ್ತುಕೊಂಡು ತಿರುಗಿದವನು ನಾನು.

ಅಮೃತಾ ಪ್ರವೀಣನ ಕಡೆ ತಿರುಗಿ, "ಒಳಗಿನ ಮಾತು ಕೇಳಸೋ ತಂತಿ ಯಾವುದು?" ಎಂದಳು.

"ಮೈಕಿಂದಾ? ಸ್ಟೇರಿಂಗ್ ಕೆಳಗ ಐತ್ರಿ."

"ತೆಗೀರಿ."

"ತೆಗೆದ್ರ ಷೋರೂಮಿನವ್ರು ಸರ್ವಿಸ್ ಮಾಡಂಗಿಲ್ಲ ಅಂತಾರ," ಎಂದೆ ನಾನು. ಇಬ್ಬರೂ ನನ್ನತ್ತ ನೋಡಿದರು. ಕಾರಿನ ಕೀಲಿ ತೆಗೆದು ಕೊಟ್ಟೆ.

ಅವನು ಬೈಕಿನ ಚೀಲದಿಂದ ಸ್ಕ್ರೂಡ್ರೈವರ್ ತಂದು ಡ್ಯಾಶ್‌ಬೋರ್ಡ್ ಬಿಚ್ಚಿದ. ಅಷ್ಟು ಚೊಕ್ಕಟವಾಗಿ ಬೆಸೆದಿದ್ದನ್ನು ತಾನೇ ಕತ್ತರಿಸಿದ. ಆಕೆ ಕಾರಿನ ಒಳಗೆ ಹೋಗಿ ಸ್ಟೇರಿಂಗಿನ ಹಿಂದೆ ಕೂತು, ಪಕ್ಕದ ಸೀಟು ತೋರಿಸಿದಳು. ಅವನು ಕೂತ ಮೇಲೆ ಗಾಜು ಏರಿಸಿದಳು.

ನಮ್ಮ ಮನೆಯಲ್ಲಿ ಇಬ್ಬರು ಮಾತಾಡಿದರೆ ಮೂರನೆಯವರಿಗೆ ಕೇಳಿಸದ ಜಾಗವೇ ಇಲ್ಲ. ಅಡುಗೆಮನೆಯ ಮಾತು ಪಡಸಾಲೆಗೆ ಬರುತ್ತದೆ, ಮಾಳಿಗೆಯದು ಪಕ್ಕದ ಮನೆಗೆ ಹೋಗುತ್ತದೆ. ಅಂಗಳದ ನಡುವೆ ನಿಂತ ಆ ಕಾರಿನಿಂದ ಮಾತ್ರ ಒಂದು ಸದ್ದೂ ಹೊರಗೆ ಬರಲಿಲ್ಲ. ನಾನು ತುಳಸಿಗೆ ನೀರು ಹಾಕುವ ನೆಪದಲ್ಲಿ ಹತ್ತಿರ ಸುಳಿದೆ. ಗಾಜಿನಲ್ಲಿ ಸಂಜೆಯ ಆಕಾಶ ಕಂಡಿತು, ಚೆಂಬು ಹಿಡಿದ ನಾನು ಕಂಡೆ. ಪ್ರತಿಫಲನದ ನಿಯಮವನ್ನು ಎಷ್ಟು ವರ್ಷದಿಂದ ಪಾಠ ಮಾಡುತ್ತಿದ್ದೇನೋ. ಮುಂದಿನ ಗಾಜಿನ ಕಡೆ ಸರಿದಾಗ ಅಮೃತಾ ಕೈ ಬೀಸಿ ಏನೋ ಗಟ್ಟಿಯಾಗಿ ಹೇಳಿದಂತೆ ಕಂಡಿತು. ಅವನು ತಲೆ ತಗ್ಗಿಸಿದ. ಆಮೇಲೆ ಅವನು ಏನೋ ಕೇಳಿದಂತಿತ್ತು, ಆಕೆ ಸ್ಟೇರಿಂಗಿನ ಮೇಲೆ ಬೆರಳಾಡಿಸುತ್ತ ಕೂತಳು. "ಬರ್ರಿ ಈಚೆ, ನೀರು ಕಟ್ಟೆ ದಾಟಿ ಹರಿಯಾಕ ಹತ್ತೈತಿ," ಎಂದು ಪುಷ್ಪಲತಾ ನನ್ನನ್ನು ಎಳೆದುಕೊಂಡು ಹೋದಳು.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಇಳಿದರು. ಅವನು ಎಲ್ಲರಿಗೂ ಕೈ ಮುಗಿದು ಬೈಕು ಹತ್ತಿದ. ಮುಖದಲ್ಲಿ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ. ನನ್ನಂಥ ವೀಕ್ಷಕನಿಗೆ ಯಾವ ಸಹಾಯವೂ ಆಗಲಿಲ್ಲ.

ಅಮೃತಾ ಮೆಟ್ಟಿಲು ಹತ್ತಿ ನನ್ನ ಮುಂದೆ ನಿಂತಳು. "ಹ್ಞೂ ಅಂದೀನಿ ಅಪ್ಪಾಜಿ. ಯಾಕಂದೆ, ಏನು ಕೇಳಿದೆ, ಅವರು ಏನಂದ್ರು ಅದು ನಮ್ಮಿಬ್ಬರದು. ಕೇಳಬ್ಯಾಡ್ರಿ."

"ಕೇಳಂಗಿಲ್ಲವ್ವ," ಎಂದೆ. ಕೇಳಲೂ ಇಲ್ಲ.

ಆಕೆ ಒಳಗೆ ಹೋದ ಮೇಲೆ ಪುಷ್ಪಲತಾಳ ಕಡೆ ತಿರುಗಿ, "ನಿನ್ನ ಮುಂದ ಹೇಳ್ತಾಳ, ನೀ ಕೇಳು," ಎಂದು ಪಿಸುಗುಟ್ಟಿದೆ. ಆಕೆ ನನ್ನ ಕೈಯಿಂದ ಖಾಲಿ ಚೆಂಬು ತೆಗೆದುಕೊಂಡು ಒಳಗೆ ಹೋದಳು. ಹೋಗುವಾಗ ಬಾಗಿಲನ್ನು ಮೆಲ್ಲಗೆ ಎಳೆದು ಮುಚ್ಚಿಕೊಂಡಳು.